ತಿಂಗಳಿಗೊಮ್ಮೆ ರುಚಿ ನೋಡುವ ಕೂಟ

ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ದಿನವೂ ನೋಡುವ ನಾಲಿಗೆ ಯಾರದ್ದು? ನಿಮ್ಮದೇ. ಆದರೆ "ನಿಮಗೆ ಯಾವುದು ಇಷ್ಟ?" ಎಂದು ಆ ನಾಲಿಗೆಯನ್ನು ಯಾರಾದರೂ ಕೇಳಿದ್ದುಂಟೇ, ಸೋದರಿ? ಯಜಮಾನರಿಗೆ ಖಾರ ಕಡಿಮೆ, ಅತ್ತೆಗೆ ಹುಳಿ ಆಗದು, ಮಕ್ಕಳಿಗೆ ಸಿಹಿ ಹೆಚ್ಚು ಬೇಕು – ಇವೆಲ್ಲ ನಿಮಗೆ ಬಾಯಿಪಾಠ. ನಿಮ್ಮ ಇಷ್ಟದ ಮಾತು ಬಂದರೆ ಮಾತ್ರ "ನನಗೇನು, ಎಲ್ಲ ಆಗ್ತದೆ" ಎಂದು ಮುಗಿಸಿಬಿಡ್ತೀರಿ.

ಪರದೇಶಗಳಲ್ಲಿ, ಈಗೀಗ ಬೆಂಗಳೂರಿನಲ್ಲೂ, ಗೆಳತಿಯರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ನಾಲ್ಕಾರು ಬಗೆಯ ವೈನುಗಳನ್ನು ಗುಟುಕು ಗುಟುಕಾಗಿ ರುಚಿ ನೋಡುವುದುಂಟು. "ಅದು ನಮಗೆ ಹೇಳಿದ್ದಲ್ಲ ಮಾರಾಯ್ರೆ" ಅಂತೀರಾ? ವೈನನ್ನು ಬದಿಗಿಡಿ, ಪದ್ಧತಿಯನ್ನು ಮಾತ್ರ ತೆಗೆದುಕೊಳ್ಳಿ. ಅಳದಂಗಡಿ, ವೇಣೂರು, ನಾರಾವಿ ಕಡೆಯ ತೋಟಗಳಲ್ಲಿ ಪುನರ್ಪುಳಿ ಇದೆಯಲ್ಲ! ಬೆಳಕಿಗೆ ಹಿಡಿದರೆ ಅದರ ಶರಬತ್ತಿನ ಬಣ್ಣ ಯಾವ ವೈನಿಗೂ ಕಡಿಮೆಯಿಲ್ಲ.

ಏಪ್ರಿಲ್-ಮೇ ತಿಂಗಳಲ್ಲಿ ಹಣ್ಣಾದಾಗ ಒಂದು ಪಾಲು ಸಿಪ್ಪೆಗೆ ಎರಡು ಪಾಲು ಸಕ್ಕರೆ ಪದರ ಪದರವಾಗಿ ಹಾಕಿ, ಗಾಜಿನ ಭರಣಿಯಲ್ಲಿ ವಾರದ ಮಟ್ಟಿಗೆ ಬಿಸಿಲಿಗಿಟ್ಟು, ದಿನವೂ ಒಣ ಸೌಟಿನಿಂದ ಕೈಯಾಡಿಸಿ ಸೋಸುವುದು ನಿಮಗೆ ಗೊತ್ತಿರುವುದೇ. ಆದರೂ ಒಂದು ಮನೆಯದ್ದು ಇನ್ನೊಂದು ಮನೆಯದ್ದರಂತೆ ಇರುವುದಿಲ್ಲ. ಒಬ್ಬರು ಜೀರಿಗೆ ಹಾಕ್ತಾರೆ, ಒಬ್ಬರು ಬೆಲ್ಲದಲ್ಲಿ ಮಾಡ್ತಾರೆ, ಇನ್ನೊಬ್ಬರ ಮರವೇ ಹುಳಿ. ಈ ವ್ಯತ್ಯಾಸವೇ ನಮ್ಮ ಕೂಟದ ಬಂಡವಾಳ.

ಐದಾರು ಮಂದಿ ಸಾಕು. ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಊಟದ ಪಾತ್ರೆ ತೊಳೆದಾಗಿರುತ್ತದೆ, ಹಾಲು ಕರೆಯುವ ಹೊತ್ತು ಇನ್ನೂ ಆಗಿರುವುದಿಲ್ಲ. ನಾಲ್ಕು ಮನೆಯ ನಾಲ್ಕು ಬಾಟಲಿ ಬರಲಿ. ಬಾಟಲಿಗಳಿಗೆ ಕಾಗದ ಸುತ್ತಿ ಒಂದು, ಎರಡು ಎಂದು ನಂಬರು ಬರೆಯಿರಿ. ಯಾವ ನಂಬರು ಯಾರದ್ದು ಎಂಬುದು ಬರೆದವರೊಬ್ಬರಿಗೆ ಗೊತ್ತಿದ್ದರೆ ಸಾಕು. ಅವರು ಆ ದಿನ ಅಭಿಪ್ರಾಯ ಹೇಳುವಂತಿಲ್ಲ! ಎಲ್ಲದಕ್ಕೂ ಒಂದೇ ಅಳತೆಯ ನೀರು ಬೆರೆಸಿ, ಸಿಹಿ ಕಡಿಮೆಯಿದ್ದದ್ದನ್ನು ಮೊದಲು ಕೊಡಿ. ಗಾಜಿನ ಲೋಟದಲ್ಲಿ ಎರಡೇ ಗುಟುಕು. ಬಿಳಿ ಬಟ್ಟೆಯ ಮುಂದೆ ಹಿಡಿದು ಬಣ್ಣ ನೋಡಿ, ಮೂಸಿ, ಆಮೇಲೆ ನಾಲಿಗೆಯ ಮೇಲೆ ಒಂದು ಕ್ಷಣ ನಿಲ್ಲಿಸಿ ನುಂಗಿ. ನಡುನಡುವೆ ಸಪ್ಪೆ ಚರುಮುರಿ, ನೀರು.

ಹಾಂ, ಆ ಮಧ್ಯಾಹ್ನ ಮಲ್ಲಿಗೆ ಮುಡಿಯಬೇಡಿ. ಶಂಕರಪುರದ ಮಲ್ಲಿಗೆಯ ಮುಂದೆ ಯಾವ ಶರಬತ್ತಿನ ಪರಿಮಳವೂ ನಿಲ್ಲದು. ಊದುಬತ್ತಿ, ಒಗ್ಗರಣೆಗೂ ಇದೇ ಮಾತು.

ನಂಬರು ಯಾಕೆ ಎಂದು ಕೇಳಬಹುದು. ಎದುರಿಗೆ ಮಾಡಿದವರು ಕುಳಿತಿದ್ದರೆ ನಾವು "ಲಾಯ್ಕಾಗಿದೆ" ಅನ್ನದೆ ಇನ್ನೇನು ಅಂತೇವೆ? ಹೆಸರು ದೊಡ್ಡದಾದರೆ ಪಂಡಿತರ ನಾಲಿಗೆಯೂ ಹೀಗೆಯೇ. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಹೆಸರು ಮುಚ್ಚಿ ವೈನುಗಳ ಪರೀಕ್ಷೆ ನಡೆಸಿದಾಗ, ಫ್ರಾನ್ಸಿನ ತೀರ್ಪುಗಾರರೇ ತಮ್ಮ ದೇಶದ ಹೆಸರಾಂತ ವೈನುಗಳನ್ನು ಬಿಟ್ಟು ಅಮೆರಿಕದ ಕ್ಯಾಲಿಫೋರ್ನಿಯಾದ್ದಕ್ಕೆ ಮೊದಲ ಸ್ಥಾನ ಕೊಟ್ಟುಬಿಟ್ಟರು. ನಿಮ್ಮಲ್ಲೂ ದೊಡ್ಡ ಮನೆಯ ಬಾಟಲಿ ಹಿಂದೆ ಬಿದ್ದು, ಐದು ಸೆಂಟ್ಸ್ ಮನೆಯ ಹುಡುಗಿಯದ್ದು ಮುಂದೆ ಬರಬಹುದು. ಹಾಗಂತ ಬಹುಮಾನ ಇಡಬೇಡಿ. ಬಹುಮಾನ ಬಂದರೆ ಮುನಿಸೂ ಬರುತ್ತದೆ. "ಚೆನ್ನಾಗಿಲ್ಲ" ಅನ್ನುವ ಬದಲು ಏನು ಹೆಚ್ಚು, ಏನು ಕಡಿಮೆ ಎಂದು ಹೇಳಿ. ಮೊದಮೊದಲು ಮಾತೇ ಹೊರಡದು. ಎರಡನೇ ತಿಂಗಳಿಗೆ "ಇದರಲ್ಲಿ ಹುಳಿ ಕೊನೆಗೆ ಬರ್ತದೆ ಅಕ್ಕ" ಎಂದು ಅತಿ ಮೌನಿಯೂ ಹೇಳ್ತಾಳೆ, ನೋಡಿ.

ಇನ್ನು ಇಂಥ ಕೂಟಗಳನ್ನು ಮುರಿಯುವ ಸಂಗತಿ ಒಂದಿದೆ: ತಿಂಡಿ. ಮೊದಲ ಮನೆಯಲ್ಲಿ ಚರುಮುರಿ, ಎರಡನೇ ಮನೆಯಲ್ಲಿ ಗೋಳಿಬಜೆ, ಮೂರನೆಯದರಲ್ಲಿ ಗೋಳಿಬಜೆಯ ಜೊತೆ ಹಲ್ವ. ನಾಲ್ಕನೆಯವಳಿಗೆ ಆ ತಿಂಗಳು ಕೈಯಲ್ಲಿ ದುಡ್ಡಿಲ್ಲ. "ಮೈ ಹುಷಾರಿಲ್ಲ" ಎಂದು ಹೇಳಿ ಕಳಿಸ್ತಾಳೆ. ಅಲ್ಲಿಗೆ ಕೂಟ ಮುಗಿಯಿತು. ಅದಕ್ಕಾಗಿ ಮೊದಲ ದಿನವೇ ಕಟ್ಟುನಿಟ್ಟಾಗಿ ಮಾತಾಡಿಕೊಳ್ಳಿ: ಯಾರ ಮನೆಯಾದರೂ ಚರುಮುರಿ, ನೀರು ಬಿಟ್ಟು ಬೇರೇನೂ ಇಲ್ಲ. ಹೊಸ ಲೋಟ ತರುವುದೂ ಬೇಡ, ಲೋಟ ಅವರವರೇ ತರಲಿ. 1982ರಲ್ಲಿ ಶುರುವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯಿಂದ ಬೆಳ್ತಂಗಡಿ ತಾಲೂಕಿನ ಹೆಂಗಸರಿಗೆ ಸಂಘದಲ್ಲಿ ಸೇರುವ ರೂಢಿ ಇದ್ದೇ ಇದೆ. ಅಲ್ಲಿ ಉಳಿತಾಯ, ಸಾಲ, ಕಂತು ಇರಲೇಬೇಕು. ಇಲ್ಲಿ ಮಾತ್ರ ಯಾವ ಲೆಕ್ಕವೂ ಬೇಡ.

ಪುನರ್ಪುಳಿ ಮುಗಿದರೆ? ಮಳೆಗಾಲಕ್ಕೆ ಕೊತ್ತಂಬರಿ-ಜೀರಿಗೆ ಕಷಾಯದ ಪುಡಿ ಮನೆಗೊಂದು ಬಗೆ. ಇನ್ನೊಂದು ತಿಂಗಳು ಜೇನು. ಬೇಸಿಗೆಯಲ್ಲಿ ಗೇರುಹಣ್ಣಿನ ರಸ. ಗಂಜಿತಿಳಿ ಬೆರೆಸಿಟ್ಟು ಸೋಸಿದರೆ ಗಂಟಲು ಹಿಡಿಯುವ ಒಗರು ಇಳಿಯುತ್ತದೆ. ಕ್ರೈಸ್ತ ಗೆಳತಿಯಿದ್ದರೆ ಡಿಸೆಂಬರಿನಲ್ಲಿ ಅವರ ಮನೆಯ ಕುಸ್ವಾರ್ ತಟ್ಟೆಯ ಜೊತೆ ದ್ರಾಕ್ಷಿ ವೈನೂ ಬರಬಹುದು. ಬೇಡ ಅನ್ನುವವರನ್ನು ಎರಡನೇ ಸಲ ಕೇಳಬೇಡಿ. ಅವರಿಗೆ ದ್ರಾಕ್ಷಿ ರಸವಿರಲಿ. ಸಕ್ಕರೆ ಕಾಯಿಲೆಯವರಿಗೆ ಒಣ ಸಿಪ್ಪೆ ನೆನೆಸಿದ ನೀರಿಗೆ ಚಿಟಿಕೆ ಉಪ್ಪು, ಜೀರಿಗೆ.

ಕೊನೆಗೆ ಕಾಗದ ಬಿಚ್ಚಿ, ಯಾರದ್ದು ಯಾವುದೆಂದು ನೋಡಿ ನಕ್ಕು, ಮುಂದಿನ ಮನೆ ಯಾವುದೆಂದು ನಿಶ್ಚಯಿಸಿ. ಬಂದವರು ತಮ್ಮ ಲೋಟ ತಾವೇ ತೊಳೆದುಕೊಂಡು ಹೊರಡಲಿ.