ನೇಮಕಾತಿ ಪತ್ರದಲ್ಲಿ ಬರೆಯದ ಮಾತು

ಪುಣೆಯ ಹಡಪಸರದಲ್ಲಿರುವ ಮಗರಪಟ್ಟಾ, ಕಚೇರಿಗೆ ನಡೆದೇ ಹೋಗಬಹುದೆಂಬ ಆಸೆಯ ಮೇಲೆ ಕಟ್ಟಿದ ಬಡಾವಣೆ. ಸುಮಾರು 120 ರೈತ ಕುಟುಂಬಗಳು ತಮ್ಮ 400ಕ್ಕೂ ಹೆಚ್ಚು ಎಕರೆ ಹೊಲವನ್ನು ಬಿಲ್ಡರ್‌ಗೆ ಮಾರಲಿಲ್ಲ. ಸತೀಶ್ ಮಗರ್ ಮುಂದಾಳತ್ವದಲ್ಲಿ ಜಮೀನು ಒಟ್ಟುಗೂಡಿಸಿ ತಾವೇ ಪಾಲುದಾರರಾದರು. ಅಲ್ಲೀಗ ಸೈಬರ್‌ಸಿಟಿಯ ಗೋಪುರಗಳು, ಅವುಗಳ ಬಗಲಲ್ಲೇ ಮನೆ, ಶಾಲೆ, ತೋಟ. ‘ಆಫೀಸಿನ ಹತ್ತಿರ ಮನೆ ಮಾಡಿದರಾಯಿತು, ಮನೆಯಿಂದಲೇ ಕೆಲಸ ಮಾಡುವ ಹಟವೇಕೆ?’ ಎಂಬ ಪ್ರಶ್ನೆಗೆ ಇಲ್ಲಿಗಿಂತ ಒಳ್ಳೆಯ ಆಧಾರ ಸಿಗದು. ಆದರೂ ಅದು ಇಲ್ಲೇ ಸೋಲುತ್ತದೆ. ಮನೆ ಸಾಲ ಇಪ್ಪತ್ತು ವರ್ಷದ್ದು. ಐಟಿ ನೌಕರಿ ಅಷ್ಟು ಕಾಲ ಒಂದೇ ಕಡೆ ನಿಲ್ಲುವುದಿಲ್ಲ. ಮುಂದಿನ ಕೆಲಸ ಊರಿನ ಇನ್ನೊಂದು ತುದಿಯ ಹಿಂಜವಡಿಯಲ್ಲಿ ಸಿಗಬಹುದು, ಹೆಂಡತಿಯ ಕಚೇರಿ ಖರಾಡಿಯಲ್ಲಿರಬಹುದು. ದುಡಿಯುವವರಿಬ್ಬರಿರುವ ಮನೆಯನ್ನು ಯಾವ ಕಚೇರಿಯ ಪಕ್ಕಕ್ಕೆ ಒಯ್ಯುವುದು?

2020ರ ಏಪ್ರಿಲ್–ಜೂನ್‌ನಲ್ಲಿ ಕೋವಿಡ್ ಲಾಕ್‌ಡೌನ್‌ನಿಂದ ದೇಶದ ಆರ್ಥಿಕತೆ ಮೊದಲ ಅಂದಾಜಿನಂತೆ ಶೇ 23.9ರಷ್ಟು ಕುಸಿದಾಗ ಐಟಿ ಉದ್ಯಮ ನಿಂತದ್ದು ನೌಕರರ ಮನೆಯ ಊಟದ ಮೇಜಿನ ಮೇಲೆ. ಮರುವರ್ಷ ನೇಮಕಾತಿಯ ಭರಾಟೆ ಶುರುವಾಯಿತು. 2022ರ ಮಾರ್ಚ್‌ಗೆ ಇನ್ಫೋಸಿಸ್ ಬಿಟ್ಟು ಹೋಗುವವರ ಪ್ರಮಾಣ ಶೇ 27.7ಕ್ಕೇರಿತ್ತು, ಹೈಬ್ರಿಡ್ ವ್ಯವಸ್ಥೆಯ ಭರವಸೆಗಳು ಎಲ್ಲೆಡೆ ಧಾರಾಳವಾಗಿದ್ದ ಕಾಲವದು. ವಿದೇಶಿ ಗ್ರಾಹಕರು ಖರ್ಚು ಬಿಗಿ ಹಿಡಿದಂತೆ, 2023ರ ಡಿಸೆಂಬರ್‌ಗೆ ಆ ಪ್ರಮಾಣ ಶೇ 12.9ಕ್ಕಿಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಟಿಸಿಎಸ್ ವಾರಕ್ಕೆ ಐದು ದಿನ ಕಚೇರಿಗೆ ಕರೆದಿತ್ತು; ನವೆಂಬರ್‌ನಲ್ಲಿ ಇನ್ಫೋಸಿಸ್ ಹಲವರಿಗೆ ತಿಂಗಳಿಗೆ ಹತ್ತು ದಿನ ಕಡ್ಡಾಯ ಮಾಡಿತ್ತು. ಕೆಲಸದ ಸ್ವರೂಪ ಮೊದಲಿನದೇ. ಚೌಕಾಸಿಯ ಬಲ ಮಾತ್ರ ಕೈ ಬದಲಾಯಿಸಿತ್ತು ಎಂದೇ ನಾನು ಈ ಅಂಕಿಗಳನ್ನು ಓದುತ್ತೇನೆ. ಬಾಯಿಮಾತಿನ ಸವಲತ್ತು ಪೇಟೆಯ ಧಾರಣೆಯಂತೆ ಏರಿಳಿಯುತ್ತದೆ. ಅದು ನೇಮಕಾತಿ ಪತ್ರದಲ್ಲಿ ಷರತ್ತಾಗಿ ಅಚ್ಚಾಗಬೇಕು.

ಮನೆಯಿಂದ ದುಡಿದರೆ ಕೆಲಸ ಕುಂಟುತ್ತದೆಂಬ ಆಕ್ಷೇಪಕ್ಕೆ ಉತ್ತರವಿದೆ. ಚೀನಾದ ಟ್ರಿಪ್‌.ಕಾಮ್‌ನಲ್ಲಿ 1,612 ನೌಕರರ ಮೇಲೆ ನಡೆದ, 2024ರಲ್ಲಿ ‘ನೇಚರ್’ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರ ಸಾಧನೆ ಕುಗ್ಗಲಿಲ್ಲ. ರಾಜೀನಾಮೆಗಳು ಮೂರನೇ ಒಂದರಷ್ಟು ಇಳಿದವು. ಪೂರ್ತಿ ಮನೆಯಲ್ಲೇ ಇರುವವರಿಗೆ ಈ ಸಾಕ್ಷ್ಯ ಅನ್ವಯಿಸದು, ನಿಜ. ಹೊಸಬರ ಕಲಿಕೆಯ ಚಿಂತೆಯೂ ನ್ಯಾಯವಾದದ್ದೇ: ಕಲಬುರಗಿಯಿಂದಲೋ ವಿಜಯಪುರದಿಂದಲೋ ಬಂದು ಸೇರಿದ ಹುಡುಗಿ, ಕುರ್ಚಿ ತಿರುಗಿಸಿ ಪಕ್ಕದ ಹಿರಿಯರನ್ನು ಕೇಳಿದರೆ ಎರಡು ನಿಮಿಷದಲ್ಲಿ ಬಗೆಹರಿಯುವ ದೋಷಕ್ಕೆ ಮನೆಯಲ್ಲಿ ಅರ್ಧ ದಿನ ತಿಣುಕುತ್ತಾಳೆ. ಹಾಗಾಗಿಯೇ ಇಡೀ ತಂಡ ಬರುವ ದಿನಗಳು ಒಂದೇ ಆಗಿರಬೇಕು, ಅವು ಮೊದಲೇ ಗೊತ್ತಿರಬೇಕು. ಕಚೇರಿಯನ್ನೇ ನೆಚ್ಚಿದ ಕ್ಯಾಂಟೀನಿನವರಿಗೂ ಕ್ಯಾಬ್ ಚಾಲಕರಿಗೂ ಅದರಿಂದ ಅನುಕೂಲ. ಬಿಟ್ಟು ಹೋಗುವ ನೌಕರನಿಂದ 90 ದಿನದ ನೋಟಿಸ್ ಪಡೆಯುವುದು ಈ ಉದ್ಯಮದಲ್ಲಿ ಸಾಮಾನ್ಯ ರೂಢಿ. ಬರಬೇಕಾದ ದಿನಗಳನ್ನು ಬದಲಿಸುವಾಗ ಕಂಪನಿಗಳೂ ಅಷ್ಟೇ ಮುಂಚೆ ತಿಳಿಸಲಿ. ಮಗುವಿನ ಶಾಲೆ, ಬಾಡಿಗೆ ಕರಾರು, ವಯಸ್ಸಾದ ತಾಯಿಯ ಆರೈಕೆ ಒಂದು ಇಮೇಲ್‌ಗೆ ರಾತ್ರೋರಾತ್ರಿ ಬದಲಾಗುವಂಥವಲ್ಲ.