ತೊಂಬತ್ತು ಸೆಕೆಂಡಿನ ತಾಳ್ಮೆ

ಫೈರ್‌ಫಾಕ್ಸ್‌ನಲ್ಲಿ ವಿಳಾಸ ಬರೆಯುವ ಜಾಗದಲ್ಲಿ 'ಅಬೌಟ್:ಕಾನ್ಫಿಗ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಮೊದಲು ಒಂದು ಎಚ್ಚರಿಕೆ ಎದುರಾಗುತ್ತದೆ. ಅದನ್ನು ಒಪ್ಪಿ ಒಳಹೊಕ್ಕು 'ಕನೆಕ್ಷನ್-ಟೈಮ್‌ಔಟ್' ಎಂದು ಹುಡುಕಿದರೆ 90 ಎಂಬ ಅಂಕಿ ಕಾಣುತ್ತದೆ. ಸರ್ವರ್ ಜೊತೆ ಸಂಪರ್ಕ ಕುದುರದಿದ್ದರೆ ಬ್ರೌಸರ್ ಅಷ್ಟು ಸೆಕೆಂಡು ಕಾದು ಕೈಬಿಡುತ್ತದೆ. ನೆಟ್ ನಿಧಾನವಿರುವವರಿಗೆ ಇದನ್ನು 180 ಮಾಡೋಣ ಅನ್ನಿಸುವುದು ಸಹಜ. ಮಾಡಿ, ಅಪಾಯವೇನಿಲ್ಲ. ಪ್ರಯೋಜನವೂ ಹೆಚ್ಚಿಲ್ಲ.

ಸಂಪರ್ಕ ಕೇಳುವುದೆಂದರೆ ಬಾಗಿಲು ತಟ್ಟಿದಂತೆ. ಒಳಗಿನಿಂದ 'ಇಲ್ಲ, ಹೋಗಿ' ಎಂಬ ಮಾತು ಬಂದರೆ ಬ್ರೌಸರ್ ತಕ್ಷಣ ಹಿಂದಿರುಗುತ್ತದೆ. ಅಲ್ಲಿ ಟೈಮ್‌ಔಟ್‌ಗೆ ಕೆಲಸವೇ ಇಲ್ಲ. ತೊಂದರೆ ಇರುವುದು ಸದ್ದೇ ಇಲ್ಲದಾಗ. ಕೋರಿಕೆ ದಾರಿಯಲ್ಲಿ ಕಳೆದುಹೋಯಿತೋ, ಫೈರ್‌ವಾಲ್ ಅದನ್ನು ಸುಮ್ಮನೆ ನುಂಗಿತೋ, ಉತ್ತರ ಇನ್ನೂ ಬರುತ್ತಿದೆಯೋ ಈ ಕಡೆಯವರಿಗೆ ತಿಳಿಯುವ ಬಗೆಯಿಲ್ಲ. ಕಾಯುವ ಅವಧಿಯೆಲ್ಲ ಬರೀ ಊಹೆ.

ತಟ್ಟುವ ಕೆಲಸ ಬ್ರೌಸರಿನದಲ್ಲ, ಅದರ ಕೆಳಗಿರುವ ಆಪರೇಟಿಂಗ್ ಸಿಸ್ಟಮ್‌ನದು. ಲಿನಕ್ಸ್‌ನಲ್ಲಿ ಬಹುಕಾಲ ನಡೆದುಬಂದ ಕ್ರಮ ಹೀಗಿದೆ: ಮೊದಲ ಕೋರಿಕೆಗೆ ಒಂದು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಇನ್ನೊಂದು, ಆಮೇಲೆ 2 ಸೆಕೆಂಡು ಬಿಟ್ಟು ಮತ್ತೊಂದು, ನಂತರ 4, 8, 16, 32. ಕೊನೆಯ ಕೋರಿಕೆ ಹೊರಡುವುದು 63ನೆಯ ಸೆಕೆಂಡಿಗೆ. ಅಲ್ಲಿಂದ ಇನ್ನೂ 64 ಸೆಕೆಂಡು ಕಾದು, 127ಕ್ಕೆ ಸೋಲೊಪ್ಪಿಕೊಳ್ಳುತ್ತದೆ. ಈಗ 90ನ್ನು 120 ಮಾಡಿದವರ ಲೆಕ್ಕ ನೋಡಿ: ಆ ಹೆಚ್ಚುವರಿ ಅರ್ಧ ನಿಮಿಷದಲ್ಲಿ ಒಂದೇ ಒಂದು ಹೊಸ ಕೋರಿಕೆಯೂ ಹೊರಡುವುದಿಲ್ಲ. 180 ಮಾಡಿದರಂತೂ ಬ್ರೌಸರಿನ ಸರದಿ ಬರುವ ಮೊದಲೇ ಕೆಳಗಿನವನು ಕೈಚೆಲ್ಲಿರುತ್ತಾನೆ.

ಇಷ್ಟೊಂದು ಸಾವಧಾನ ಏಕೆ? 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಡುವಿನ ಜಾಲ ಕುಸಿಯಿತು. ನಡುವಿನ ದೂರ ಸುಮಾರು 400 ಗಜ. ಸೆಕೆಂಡಿಗೆ 32,000 ಬಿಟ್ ಇದ್ದ ವೇಗ 40 ಬಿಟ್‌ಗೆ ಇಳಿಯಿತು. ದಾರಿ ತುಂಬಿ ಉತ್ತರ ತಡವಾದರೆ ಕಂಪ್ಯೂಟರುಗಳು ಅದು ಕಳೆದುಹೋಯಿತೆಂದೇ ಬಗೆದು ಮತ್ತೆ ಮತ್ತೆ ಕಳಿಸುತ್ತಿದ್ದವು. ದಾರಿ ಇನ್ನಷ್ಟು ತುಂಬುತ್ತಿತ್ತು. ಇದನ್ನು ಬಿಡಿಸಿ ನೋಡಿದ ವ್ಯಾನ್ ಜೇಕಬ್ಸನ್, ಮೈಕೆಲ್ ಕೇರಲ್ಸ್ ಜೊತೆ 1988ರಲ್ಲಿ ಪರಿಹಾರ ಪ್ರಕಟಿಸಿದರು. ಉತ್ತರಕ್ಕೆ ಹಿಡಿಯುವ ಸಮಯವನ್ನಷ್ಟೇ ಅಲ್ಲ, ಅದರ ಏರಿಳಿತವನ್ನೂ ಅಳೆದು ಕಾಯುವ ಅವಧಿ ಗೊತ್ತುಮಾಡಬೇಕು; ಪ್ರತಿ ಸೋಲಿನ ನಂತರ ಅವಧಿ ದುಪ್ಪಟ್ಟಾಗಬೇಕು. ನಮ್ಮ ಫೋನು, ಲ್ಯಾಪ್‌ಟಾಪುಗಳು ಇಂದಿಗೂ ಈ ಶಿಸ್ತಿನಲ್ಲೇ ಇವೆ.

ನನ್ನ ಮಟ್ಟಿಗೆ ಅಂಕಿಯನ್ನು ಇಳಿಸುವುದರಲ್ಲೇ ಹೆಚ್ಚು ಅರ್ಥವಿದೆ. ಭೂಸ್ಥಿರ ಉಪಗ್ರಹದ ಮೂಲಕ ಹೋಗಿಬರುವ ಸಂದೇಶಕ್ಕೂ ಅರ್ಧ ಸೆಕೆಂಡಿನ ಆಸುಪಾಸು ಸಾಕು. 30 ಸೆಕೆಂಡಾದರೂ ಸದ್ದಿಲ್ಲದ ಸರ್ವರ್ 90ಕ್ಕೆ ಓಗೊಡುವುದು ಅಪರೂಪ. ಕ್ರೋಮ್‌ನಲ್ಲಿ ಈ ಆಯ್ಕೆಯನ್ನು ಬಳಕೆದಾರರ ಕೈಗೆ ಕೊಟ್ಟೇ ಇಲ್ಲ.

ಸಂಪರ್ಕ ಸಿಕ್ಕಿಯೂ ಪುಟ ಬರದಿದ್ದರೆ ಅದು ಬೇರೆಯೇ ಲೆಕ್ಕ. ಅದಕ್ಕೆ ಫೈರ್‌ಫಾಕ್ಸ್ 300 ಸೆಕೆಂಡು ಇಟ್ಟಿದೆ. ಆದರೆ ತೆರೆಯ ಮೇಲೆ '504' ಕಂಡರೆ ಸೆಟ್ಟಿಂಗ್ ಮುಟ್ಟಲು ಹೋಗಬೇಡಿ. ಅಲ್ಲಿ ಕಾದು ಸೋತದ್ದು ನಿಮ್ಮ ಬ್ರೌಸರ್ ಅಲ್ಲ. ಆ ಕಡೆ ಮುಂಬಾಗಿಲಲ್ಲಿ ನಿಂತ ಸರ್ವರ್, ತನ್ನ ಹಿಂದಿನ ಇನ್ನೊಂದು ಸರ್ವರ್‌ಗಾಗಿ. ಎಂಜಿನ್‌ಎಕ್ಸ್ ತಂತ್ರಾಂಶದಲ್ಲಿ ಆ ಗಡುವು ಸಾಮಾನ್ಯವಾಗಿ 60 ಸೆಕೆಂಡು, ಅದನ್ನು ತಿದ್ದುವ ಅಧಿಕಾರ ಜಾಲತಾಣ ನಡೆಸುವವರದು.