ಮುಂಬಯಿಯ ಅಕ್ಷಾಂಶಕ್ಕೊಂದು ನೌಕಾಯಾನ

ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಅಕ್ಟೋಬರ್ ಎಂದರೆ ಎಲೆಯುದುರುವ ಕಾಲ. ನ್ಯೂ ಇಂಗ್ಲೆಂಡ್, ಕೆನಡಾಗಳ ಕಡೆ ಸಂಚರಿಸುತ್ತಿದ್ದ ವಿಹಾರನೌಕೆಗಳಲ್ಲಿ ಅನೇಕವು ಚಳಿ ಬಲಿಯುತ್ತಲೇ ಮುಖ ತಿರುಗಿಸಿ, ದಕ್ಷಿಣದ ಕೆರಿಬಿಯನ್ ದ್ವೀಪಗಳತ್ತ ಸಾಗುತ್ತವೆ. 2023ರಲ್ಲಿ ನ್ಯೂಜೆರ್ಸಿಯ ತಂಗಿಯ ಮನೆಗೆ ಹೋಗಿದ್ದಾಗ, ಅಂಥದೊಂದು ಹಡಗನ್ನೇರುವ ಯೋಗ ನನಗೂ ನನ್ನ ಪತ್ನಿಗೂ, ಆಗಸ್ಟ್ ತಿಂಗಳಿಂದ ಅಲ್ಲಿಯೇ ಇದ್ದ ಎಪ್ಪತ್ತೊಂದು ವರ್ಷದ ನನ್ನ ತಾಯಿಯವರಿಗೂ ಒದಗಿತು.

ಬೇಯೋನ್ ಬಂದರಿನಿಂದ ಹಡಗು ಹೊರಟಾಗ ಸಂಜೆಯ ಗಾಳಿ ಕಿವಿ ಕೊರೆಯುತ್ತಿತ್ತು. ಸ್ವಾತಂತ್ರ್ಯದೇವಿಯ ಪ್ರತಿಮೆ ಹಿಂದೆ ಸರಿಯುವುದನ್ನು ಅಮ್ಮ ಉಣ್ಣೆಯ ಶಾಲು ಹೊದ್ದು ನೋಡಿದರು. ಗೋಡೆಯ ಮೇಲಿನ ಭೂಪಟದಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ನ್ಯೂಯಾರ್ಕ್ ಸುಮಾರು 41 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಮ್ಮ ಮೊದಲ ನಿಲುಗಡೆಯಾದ ಪೋರ್ಟೊರಿಕೊದ ಸಾನ್ ಹುವಾನ್ ಹದಿನೆಂಟೂವರೆಯಲ್ಲಿ. ನಮ್ಮ ಮುಂಬಯಿ ಹತ್ತೊಂಬತ್ತರಲ್ಲಿ. ಸುಮಾರು 1,400 ನಾವಿಕ ಮೈಲಿಗಳನ್ನು ಮೂರು ದಿನಗಳಲ್ಲಿ ಕ್ರಮಿಸಿ ನಾವು ಸೇರಲಿದ್ದುದು ಒಂದರ್ಥದಲ್ಲಿ ನಮ್ಮೂರನ್ನೇ! ಇದನ್ನು ತಿಳಿಸಿದಾಗ ಅಮ್ಮ, “ಮಾಟುಂಗಾದ ಸೆಕೆಯಲ್ಲಿ ನಲವತ್ತು ವರ್ಷ ಬೆಂದವಳು ನಾನು. ನನಗೇನು ಹೆದರಿಕೆ?” ಎಂದರು. ನನಗೂ ಅದೇ ಸರಿಯೆನಿಸಿತು. ನಮ್ಮ ತಪ್ಪಿನ ಮೂಲವಿದ್ದುದು ಅಲ್ಲಿಯೇ.

ಎರಡನೆಯ ದಿನ ಹಡಗು ಗಲ್ಫ್ ಪ್ರವಾಹವನ್ನು ಹಾಯ್ದಿತು. ಬೆಂಜಮಿನ್ ಫ್ರಾಂಕ್ಲಿನ್ 1775ರಲ್ಲಿ ಉಷ್ಣಮಾಪಕವನ್ನು ಕಡಲಿಗಿಳಿಸಿ ಅಳೆದುನೋಡಿದ ಬಿಸಿನೀರಿನ ಹೊಳೆ ಇದು. ಉತ್ತರದ ಗಾಳಿ ಈ ಪ್ರವಾಹಕ್ಕೆ ಎದುರಾಗಿ ಬೀಸಿದಾಗ ಅಲೆಗಳು ಕಡಿದಾಗಿ ಏಳುತ್ತವೆ. ಅಂದು ಆದದ್ದೂ ಹಾಗೆಯೇ. ಅಮ್ಮನಿಗೆ ಎರಡು ಸಲ ವಾಂತಿಯಾಯಿತು. ಊರಿನಿಂದ ತಂದಿದ್ದ ಪ್ರೋಮೆಥಜೀನ್ ಮಾತ್ರೆಯನ್ನು ನಾನೇ ಕೊಟ್ಟೆ. ರಕ್ತದೊತ್ತಡಕ್ಕಾಗಿ ಅವರು ನಿತ್ಯವೂ ಸೇವಿಸುವ ಥಯಾಜೈಡ್ ಜಾತಿಯ, ಮೂತ್ರ ಹೆಚ್ಚಿಸುವ ಮಾತ್ರೆಯೂ ತಪ್ಪಲಿಲ್ಲ. ಹಡಗಿನ ಅಡುಗೆ ಅವರಿಗೆ ಸೇರದು. ಎರಡು ದಿನ ಬರಿಯ ಹಣ್ಣು, ನೀರು, ಮತ್ತಷ್ಟು ನೀರು. ತಂಗಿ ಕಟ್ಟಿಕೊಟ್ಟಿದ್ದ ಉಪ್ಪಿನಕಾಯಿಯ ಡಬ್ಬಿಯನ್ನು, ‘ರಕ್ತದೊತ್ತಡವಿರುವವರಿಗೆ ಇದೇಕೆ?’ ಎಂದು ಹೊರಡುವಾಗ ತೆಗೆದಿಟ್ಟವನೂ ನಾನೇ.

ಸಾನ್ ಹುವಾನ್ ತಲುಪಿದಾಗ ಶಾಲು, ಸ್ವೆಟರುಗಳೆಲ್ಲ ಪೆಟ್ಟಿಗೆ ಸೇರಿದ್ದವು. ಸ್ಪೇನಿನವರು 1539ರಲ್ಲಿ ಕಟ್ಟಲಾರಂಭಿಸಿದ ಎಲ್ ಮೋರೊ ಕೋಟೆಗೆ ವಿಶಾಲವಾದ ಹುಲ್ಲುಗಾವಲನ್ನು ದಾಟಿಯೇ ಹೋಗಬೇಕು. ಅಲ್ಲಿ ನೆರಳೆಂಬುದಿಲ್ಲ. ಅರ್ಧ ದಾರಿಯಲ್ಲಿ ಅಮ್ಮ ನಿಂತರು. ನನ್ನನ್ನು ನನ್ನ ತಮ್ಮನ ಹೆಸರಿನಿಂದ ಕರೆದು, ‘ರೈಲು ಎಷ್ಟು ಗಂಟೆಗೆ?’ ಎಂದು ಕೇಳಿ, ಕುಸಿದರು. ಆ ಕ್ಷಣವನ್ನು ನೆನೆದರೆ ಇಂದಿಗೂ ನನ್ನ ಕೈ ತಣ್ಣಗಾಗುತ್ತದೆ.

ಹಡಗಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಲಾಗಿ ಸೋಡಿಯಂ ಅಂಶ ಬಹಳ ಕುಸಿದಿರುವುದು ತಿಳಿದುಬಂತು. ವೈದ್ಯೆ ಸಮಾಧಾನದಿಂದ ವಿವರಿಸಿದರು: ಥಯಾಜೈಡ್ ಮಾತ್ರೆ ಮೂತ್ರದೊಡನೆ ಲವಣವನ್ನೂ ಹೊರಹಾಕುತ್ತದೆ, ವಾಂತಿ, ಬೆವರುಗಳಿಂದ ಇನ್ನಷ್ಟು ನಷ್ಟ, ಆಹಾರವಿಲ್ಲದೆ ಬರಿಯ ನೀರು ಕುಡಿದರೆ ಉಳಿದದ್ದೂ ತೆಳುವಾಗುತ್ತದೆ. ವಾಂತಿಯ ಮಾತ್ರೆಯಾದರೋ ತೂಕಡಿಕೆ ತರುವುದಲ್ಲದೆ ಬೆವರನ್ನೂ ತಗ್ಗಿಸಬಲ್ಲದು. ಆಗ ಮೈಯ ಕಾವು ಹೊರಹೋಗಲು ದಾರಿ ಕಿರಿದಾಗುತ್ತದೆ.

“ನಾವು ಮುಂಬಯಿಯವರು, ಸೆಕೆ ನಮಗೆ ಹೊಸದಲ್ಲ” ಎಂದೆ. ಆಕೆ ನಕ್ಕರು. ಸೆಕೆಗೆ ಒಗ್ಗಿದ ದೇಹ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಆ ಬೆವರಿನಲ್ಲಿ ಲವಣವನ್ನು ಕಡಮೆ ಕಳೆದುಕೊಳ್ಳುತ್ತದೆ. ಈ ಒಗ್ಗಿಕೆ ಬರಲು ಒಂದೆರಡು ವಾರ ಬೇಕು. ತಂಪು ನಾಡಿನಲ್ಲಿ ಎರಡು ಮೂರು ವಾರ ಕಳೆದರೆ ಅದರ ಬಹುಪಾಲು ಅಳಿಯುತ್ತದೆ. ನಲವತ್ತು ವರ್ಷದ ಠೇವಣಿಯೆಂದು ನಾವು ನಂಬಿದ್ದ ಖಾತೆ ಎರಡು ತಿಂಗಳ ನ್ಯೂಜೆರ್ಸಿ ವಾಸದಲ್ಲಿ ಬರಿದಾಗಿತ್ತು! ಮಕ್ಕಳ ಮನೆಗೆಂದು ವಿದೇಶಕ್ಕೆ ಹೋಗಿ, ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಊರಿಗೆ ಮರಳುವ ನಮ್ಮ ಹಿರಿಯರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಸಲ್ಲದು, ಉಪ್ಪನ್ನು ಮನಬಂದಂತೆ ಹೆಚ್ಚಿಸುವುದೂ ಸಲ್ಲದು. ಬಿಸಿನಾಡಿಗೆ ಹೊರಡುವ ಮುನ್ನ ವೈದ್ಯರೊಡನೆ ಮಾತಾಡಬೇಕು.

ಇನ್ನೊಂದು ಪೇಚು ಔಷಧಗಳ ಹೆಸರಿನದು. ನಮ್ಮ ದೇಶದ ವ್ಯಾಪಾರೀ ಹೆಸರುಗಳು ಆ ವೈದ್ಯೆಗೆ ಅರ್ಥವಾಗಲಿಲ್ಲ. ನನ್ನ ಪತ್ನಿ ಮಾತ್ರೆಯ ಪಟ್ಟಿಗಳ ಹಿಂಬದಿಯ ಸಣ್ಣಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿ ಹೇಳಬೇಕಾಯಿತು. ಖರ್ಚಿನ ವಿಷಯವನ್ನೂ ನಾನು ಹೇಳದಿದ್ದರೆ ವೃತ್ತಿಧರ್ಮಕ್ಕೆ ಲೋಪ. ಹಡಗಿನ ಚಿಕಿತ್ಸೆಯ ಮೊತ್ತವನ್ನು ನಮ್ಮ ಕೋಣೆಯ ಲೆಕ್ಕಕ್ಕೆ ಹಾಕಿದರು. ಮೊದಲು ನಾವು ತೆತ್ತು, ಆಮೇಲೆ ವಿಮೆಯವರನ್ನು ಕೇಳಬೇಕು. ನಮ್ಮ ಪಾಲಿಸಿಯಲ್ಲಿ ಹಳೆಯ ಕಾಯಿಲೆಗಳ ಬಗೆಗಿದ್ದ ಷರತ್ತನ್ನು, ಪರರ ಕರಾರುಪತ್ರಗಳನ್ನು ದಿನವೂ ಓದುವ ನಾನು, ಮಧ್ಯರಾತ್ರಿ ಆ ಆಸ್ಪತ್ರೆಯ ಬಾಗಿಲಲ್ಲಿ ಕುಳಿತು ಪ್ರಥಮವಾಗಿ ಓದಿದೆ.

ಲವಣದ್ರಾವಣವನ್ನು ನಿಧಾನವಾಗಿ ಏರಿಸಿದರು. ಮರುದಿನ ಬೆಳಿಗ್ಗೆ ಅಮ್ಮ ನನ್ನನ್ನು ನನ್ನ ಹೆಸರಿನಿಂದಲೇ ಕರೆದರು. ಮುಂದಿನ ದ್ವೀಪಗಳನ್ನು ನಾವು ಕಂಡದ್ದು ಕೋಣೆಯ ಗಾಜಿನಿಂದ. ಅದಕ್ಕಾಗಿ ಯಾರೂ ಮರುಗಲಿಲ್ಲ. ಮರಳುವಾಗ ಗಲ್ಫ್ ಪ್ರವಾಹ ಶಾಂತವಾಗಿತ್ತು. ಶಾಲು ಮತ್ತೆ ಹೊರಬಂದ ಸಂಜೆ, ಅಮ್ಮ ಬಿಸಿ ಸಾರಿನ ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದು, “ಆ ಡಬ್ಬಿಯನ್ನು ನಿನ್ನ ತಂಗಿ ಖಾಲಿ ಮಾಡಿರುತ್ತಾಳೋ ಏನೋ” ಎಂದರು.